ಮಂಗಳ ಗ್ರಹದಲ್ಲಿ ಫ್ಯೂಚರ್ ಪರ್ಫೆಕ್ಟ್

ಇಂಗ್ಲಿಷ್‌ನಲ್ಲಿ ಫ್ಯೂಚರ್ ಪರ್ಫೆಕ್ಟ್ ಅಂತ ಒಂದು ಟೆನ್ಸ್ ಇದೆ. "ವಿಲ್ ಹ್ಯಾವ್" ಆದಮೇಲೆ ಕ್ರಿಯಾಪದದ ಮೂರನೇ ರೂಪ ಹಾಕಿದರೆ ಆಯ್ತು. ಸೂತ್ರ ಮಕ್ಕಳಿಗೆ ಬಾಯಿಪಾಠ ಆಗಿರುತ್ತದೆ, ಪರೀಕ್ಷೆಯಲ್ಲಿ ಬಿಟ್ಟ ಸ್ಥಳವನ್ನೂ ಸರಿಯಾಗಿ ತುಂಬುತ್ತಾರೆ, ಆಮೇಲೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಯಾಕೆ ನೋಡಬೇಕು ಹೇಳಿ? ಪುಸ್ತಕದಲ್ಲಿ ಇರುವ ಉದಾಹರಣೆ "ನಾಳೆ ಐದು ಗಂಟೆಯೊಳಗೆ ನಾನು ಪತ್ರ ಬರೆದು ಮುಗಿಸಿರುತ್ತೇನೆ" ಅನ್ನೋ ಥರದ್ದು. ಯಾರಿಗೆ ಪತ್ರ, ಐದು ಗಂಟೆಗೆ ಮುಗಿಯದಿದ್ದರೆ ಯಾರ ಗಂಟು ಹೋಗುತ್ತದೆ, ಒಂದೂ ಗೊತ್ತಿಲ್ಲ.

ಅದೇ ಟೆನ್ಸನ್ನು ಮಂಗಳ ಗ್ರಹಕ್ಕೆ ತೆಗೆದುಕೊಂಡು ಹೋಗಿ ನೋಡಿ.

ಭೂಮಿಗೂ ಮಂಗಳಕ್ಕೂ ಇರುವ ದೂರ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಅಲ್ಲಿಂದ ಹೊರಟ ರೇಡಿಯೋ ಸಂದೇಶ ಇಲ್ಲಿಗೆ ಮುಟ್ಟಲು ಕೆಲವೊಮ್ಮೆ 3 ನಿಮಿಷ, ಕೆಲವೊಮ್ಮೆ 22 ನಿಮಿಷ ಬೇಕು. 2021ರ ಫೆಬ್ರವರಿಯಲ್ಲಿ ಪರ್ಸಿವರೆನ್ಸ್ ರೋವರ್ ಇಳಿದಾಗ ಈ ತಡ ಸುಮಾರು 11 ನಿಮಿಷ ಇತ್ತು. ಆದರೆ ಮಂಗಳದ ವಾತಾವರಣಕ್ಕೆ ಹೊಕ್ಕು ನೆಲ ಮುಟ್ಟುವ ಇಡೀ ಕೆಲಸಕ್ಕೆ ಬೇಕಾಗುವುದು ಸುಮಾರು 7 ನಿಮಿಷ. ಅಂದರೆ "ಈಗ ಒಳಗೆ ಹೊಕ್ಕೆವು" ಅನ್ನೋ ಸುದ್ದಿ ಭೂಮಿಗೆ ಬರುವಷ್ಟರಲ್ಲಿ ಅಲ್ಲಿ ಎಲ್ಲ ಮುಗಿದಿರುತ್ತದೆ. ಬದುಕಿದ್ದರೆ ಬದುಕಿದೆ, ಚೂರಾಗಿದ್ದರೆ ಚೂರಾಗಿದೆ.

ನಾನು ಬರೆದುಕೊಂಡ ಕಥೆಯಲ್ಲಿ ಇಳಿಯುವುದು ರೋವರ್ ಅಲ್ಲ, ಒಬ್ಬಳು ಕ್ಯಾಪ್ಟನ್. ಅವಳು ಮೈಕ್ ಹಿಡಿದು ಹೇಳುತ್ತಾಳೆ: "ಬೈ ದ ಟೈಮ್ ಯೂ ಹಿಯರ್ ದಿಸ್, ವಿ ವಿಲ್ ಹ್ಯಾವ್ ಲ್ಯಾಂಡೆಡ್." ಒಂದು ಕ್ಷಣ ತಡೆದು, "ಆರ್ ವಿ ವಿಲ್ ಹ್ಯಾವ್ ಕ್ರ್ಯಾಶ್ಡ್." ಈ ಮಾತನ್ನು ಬೇರೆ ಯಾವ ಟೆನ್ಸ್‌ನಲ್ಲಿ ಹೇಳಿದರೂ ಸರಿಹೋಗುವುದಿಲ್ಲ. ಮಕ್ಕಳಿಗೆ ಬೇಕಾದರೆ "ವಿ ವಿಲ್ ಲ್ಯಾಂಡ್" ಅಂತ ಬದಲಾಯಿಸಿ ನೋಡಿ ಅನ್ನುತ್ತೇನೆ. ಬದಲಾಯಿಸಿದ ಕೂಡಲೇ ಅವರಿಗೇ ಅನ್ನಿಸುತ್ತದೆ, ಅಯ್ಯೋ, ಇಲ್ಲಿ ಆ ಹೆದರಿಕೆಯೇ ಇಲ್ಲ ಅಂತ.

ಸೈನ್ಸ್ ಫಿಕ್ಷನ್ ಇಟ್ಟುಕೊಂಡು ಇಂಗ್ಲಿಷ್ ಕಲಿಸುವುದು ನನಗೆ ಇಷ್ಟ ಆಗೋದು ಇದಕ್ಕೇ. ರಾಕೆಟ್ ಅಂದರೆ ಮಕ್ಕಳಿಗೆ ಖುಷಿ ಅನ್ನೋದು ನಿಜ, ಆದರೆ ಆ ಖುಷಿ ಜಾಸ್ತಿ ದಿನ ಬಾಳುವುದಿಲ್ಲ. ಈ ಕಥೆಗಳಲ್ಲಿ ವ್ಯಾಕರಣ ತಪ್ಪಿದರೆ ಯಾರೋ ಸಾಯುತ್ತಾರೆ, ಇಲ್ಲಾ ಹಡಗು ದಾರಿ ತಪ್ಪುತ್ತದೆ. ಅಷ್ಟು ಸಾಕು, ಗಮನ ತಾನಾಗಿ ಬರುತ್ತದೆ.

ಕಂಡಿಷನಲ್ ವಾಕ್ಯಗಳನ್ನೇ ತೆಗೆದುಕೊಳ್ಳಿ. ಫಸ್ಟ್, ಸೆಕೆಂಡ್, ಥರ್ಡ್ ಅಂತ ಹೆಸರು ಹೇಳಿ, ಕೋಷ್ಟಕ ಬರೆದು, ಉರು ಹೊಡೆಸಿ ಪ್ರಯೋಜನ ಇಲ್ಲ. ನಾನು ಮೂರು ಹಡಗುಗಳಿಂದ ರೇಡಿಯೋದಲ್ಲಿ ಮೂರು ದನಿ ಕೇಳಿಸುತ್ತಿವೆ ಅನ್ನುತ್ತೇನೆ. ಮೊದಲನೆಯ ದನಿ: "ಇಫ್ ದ ಏರ್ ರನ್ಸ್ ಔಟ್, ವಿ ವಿಲ್ ಡೈ." ಎರಡನೆಯದು: "ಇಫ್ ದ ಏರ್ ರ‍್ಯಾನ್ ಔಟ್, ವಿ ವುಡ್ ಡೈ." ಮೂರನೆಯದು: "ಇಫ್ ದ ಏರ್ ಹ್ಯಾಡ್ ರನ್ ಔಟ್, ವಿ ವುಡ್ ಹ್ಯಾವ್ ಡೈಡ್." ನಿಮ್ಮ ಹತ್ತಿರ ಇರುವುದು ಒಂದೇ ರಕ್ಷಣಾ ನೌಕೆ. ಯಾವ ಹಡಗಿಗೆ ಕಳಿಸುತ್ತೀರಿ?

ಮೊದಲು ಎಲ್ಲರೂ ಮೂರನೆಯದಕ್ಕೇ ಓಡುತ್ತಾರೆ, ಯಾಕಂದ್ರೆ ಅದರಲ್ಲಿ "ಡೈಡ್" ಅಂತ ಇದೆ, ಸತ್ತೇ ಹೋದರು ಅಂದುಕೊಳ್ಳುತ್ತಾರೆ. ಆಮೇಲೆ ಯಾರೋ ಒಬ್ಬರು ನಿಧಾನವಾಗಿ, ಸತ್ತವರು ರೇಡಿಯೋದಲ್ಲಿ ಹೇಗೆ ಮಾತಾಡ್ತಾರೆ ಅಂತ ಕೇಳುತ್ತಾರೆ. ಅಲ್ಲಿಗೆ ಅರ್ಧ ಪಾಠ ಮುಗಿದ ಹಾಗೆ. ಮೂರನೆಯವರು ಬಚಾವಾಗಿ ಕೂತು ಹಳೆಯದನ್ನು ನೆನೆಯುತ್ತಿದ್ದಾರೆ. ಎರಡನೆಯವರು ಸುಮ್ನೆ ಕಲ್ಪಿಸಿಕೊಳ್ಳುತ್ತಿದ್ದಾರೆ, ಗಾಳಿ ಬೇಕಾದಷ್ಟಿದೆ. ನೌಕೆ ಬೇಕಾಗಿರುವುದು ಮೊದಲನೆಯವರಿಗೆ. ಹೆಸರು, ಕೋಷ್ಟಕ ಎಲ್ಲ ಆಮೇಲೆ ಹೇಳಿದರೂ ನಡೆಯುತ್ತದೆ, ಹೇಳದಿದ್ದರೂ ನಡೆಯುತ್ತದೆ.

"ಅ" ಮತ್ತು "ದ" ನಮ್ಮವರಿಗೆ ಯಾವಾಗಲೂ ತಲೆನೋವು. ಕನ್ನಡದಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ, ಹಾಗಾಗಿ ಅದು ಇದ್ದರೂ ಒಂದೇ ಬಿಟ್ಟರೂ ಒಂದೇ ಅಂತ ಕಿವಿಗೆ ಅನ್ನಿಸುತ್ತದೆ. ಅದಕ್ಕೆ ಹಡಗಿನ ದಿನಚರಿಯಿಂದ ಮೂರು ಪುಟ್ಟ ವಾಕ್ಯ: "ವಿ ಹರ್ಡ್ ಅ ಸಿಗ್ನಲ್. ದ ಸಿಗ್ನಲ್ ಸ್ಟಾಪ್ಡ್. ದೆನ್ ವಿ ಹರ್ಡ್ ಅ ಸಿಗ್ನಲ್." ಹೊರಗೆ ಎಷ್ಟು ಸಿಗ್ನಲ್ ಇವೆ? ಕೊನೆಯ ವಾಕ್ಯದಲ್ಲಿ ಮತ್ತೆ "ಅ" ಬಂದಿದೆ, ಅಂದರೆ ಇದು ಹಳೆಯದಲ್ಲ, ಹೊಸದೊಂದು. ಅಲ್ಲಿ ಇನ್ನೊಬ್ಬರು ಇದ್ದಾರೆ! ಅದೇ ಜಾಗದಲ್ಲಿ "ದ" ಹಾಕಿದರೆ ಹಳೆಯ ಸಿಗ್ನಲ್ಲೇ ಮತ್ತೆ ಕೇಳಿಸಿತು ಅಂತ ಆಗುತ್ತದೆ, ಕಥೆಯೇ ಬೇರೆ. ಒಂದು ಅಕ್ಷರದಲ್ಲಿ ಒಂದು ಇಡೀ ಏಲಿಯನ್ ಜಾತಿ ಹುಟ್ಟಿಕೊಂಡಿತು ಅಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಇದರ ಜೊತೆಗೇ "ಅ ಯುಎಫ್‌ಒ" ಮತ್ತು "ಆ್ಯನ್ ಅನ್‌ಐಡೆಂಟಿಫೈಡ್ ಆಬ್ಜೆಕ್ಟ್" ಪಕ್ಕಪಕ್ಕ ಬರೆಯುತ್ತೇನೆ. ಎರಡೂ ಯು ಅಕ್ಷರದಿಂದಲೇ ಶುರು, ಆದರೆ ಒಂದಕ್ಕೆ "ಅ", ಇನ್ನೊಂದಕ್ಕೆ "ಆ್ಯನ್". ಅಕ್ಷರ ನೋಡಬೇಡಿ, ಶಬ್ದ ಕೇಳಿ. ಅಷ್ಟೇ.

ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ಕಥೆ ನಡೆಯುವುದು 2190ರಲ್ಲಿ, ಹಾಗಿದ್ದರೆ "ದ ಶಿಪ್ ವಾಸ್ ಸೈಲೆಂಟ್" ಅಂತ ಯಾಕೆ ಬರೆದಿದ್ದೀರಿ, "ವಿಲ್ ಬಿ" ಆಗಬೇಕಲ್ವಾ? ತುಂಬ ಒಳ್ಳೆಯ ಪ್ರಶ್ನೆ. ಟೆನ್ಸ್ ಕ್ಯಾಲೆಂಡರ್ ನೋಡಿ ಬರುವುದಿಲ್ಲ, ಕಥೆ ಹೇಳುವವರು ಎಲ್ಲಿ ನಿಂತು ಹೇಳುತ್ತಿದ್ದಾರೆ ಅನ್ನುವುದನ್ನು ನೋಡಿ ಬರುತ್ತದೆ. ಕಥೆ ಹೇಳುವವರು 2190ಕ್ಕೂ ಆಚೆ ನಿಂತು ಹಿಂದೆ ತಿರುಗಿ ನೋಡುತ್ತಿದ್ದಾರೆ. ಇದನ್ನು ಅರ್ಥ ಮಾಡಿಸಲು ರಾಜ ರಾಣಿ ಕಥೆಯಿಂದ ಆಗುವುದಿಲ್ಲ, ಅದರಲ್ಲಿ ಎಲ್ಲವೂ ಹೇಗೂ ಹಿಂದೆ ಆಗಿಹೋದದ್ದೇ.

ಮಸ್ಟ್, ಮೇ, ಶುಡ್ ಇವುಗಳಿಗೆ ರೋಬೋಗಿಂತ ಒಳ್ಳೆಯ ಮೇಷ್ಟ್ರು ಸಿಗಲ್ಲ. ಐಸಾಕ್ ಅಸಿಮೋವ್ 1942ರಲ್ಲಿ ಬಂದ ಕಥೆಯೊಂದರಲ್ಲಿ ರೋಬೋಗಳಿಗೆ ಮೂರು ನಿಯಮ ಹಾಕಿದರು. ಮೊದಲನೆಯದರಲ್ಲಿ ಇರುವುದು "ಮೇ ನಾಟ್", ಉಳಿದ ಎರಡರಲ್ಲಿ "ಮಸ್ಟ್". ಆ "ಮಸ್ಟ್" ತೆಗೆದು "ಶುಡ್" ಹಾಕಿದರೆ ಏನಾಗುತ್ತದೆ ಅಂತ ಕೇಳಿ. ರೋಬೋಗೆ ನೆಪ ಹೇಳಲು ದಾರಿ ಸಿಕ್ಕಿತು ಅಂತ ಮಕ್ಕಳು ಥಟ್ಟನೆ ಹೇಳುತ್ತಾರೆ. ಮನೆಯಲ್ಲಿ "ಹೋಮ್‌ವರ್ಕ್ ಮಾಡಿದರೆ ಒಳ್ಳೇದು" ಮತ್ತು "ಮಾಡಲೇಬೇಕು" ಇವುಗಳ ನಡುವಿನ ವ್ಯತ್ಯಾಸ ಅವರಿಗೆ ಚೆನ್ನಾಗಿಯೇ ಗೊತ್ತು.

ಪದಗಳ ವಿಚಾರಕ್ಕೆ ಬಂದರೆ, ಕಥೆಗೆ ಮೊದಲೇ ಇಪ್ಪತ್ತು ಕಠಿಣ ಪದಗಳ ಪಟ್ಟಿ ಕೊಡುವ ಪದ್ಧತಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಊಹಿಸುವ ಮಜವನ್ನೇ ಕಿತ್ತುಕೊಂಡ ಹಾಗೆ. ಅದರ ಬದಲು ಯಾರಿಗೂ ಗೊತ್ತಿರಲಾರದ ಪದಗಳನ್ನು ಕೊಡುತ್ತೇನೆ: "ದ ಜ್ವಾರ್ಗ್ಸ್ ವರ್ ಬ್ಲಿಂಟಿಂಗ್ ದ ಓಲ್ಡ್ ಡೋರ್." ಜ್ವಾರ್ಗ್ ಒಂದಾ, ಹಲವಾ? ಹಲವು, ಕೊನೆಗೆ ಎಸ್ ಇದೆ, "ವರ್" ಇದೆ. ಅವು ಏನು ಮಾಡುತ್ತಿದ್ದವು? ಬ್ಲಿಂಟ್. ಕೆಲಸ ಮುಗಿದಿತ್ತಾ? ಇಲ್ಲ, ಐಎನ್‌ಜಿ ಇದೆ. ನಿನ್ನೆ ಮುಗಿಸಿದ್ದರೆ? ಬ್ಲಿಂಟೆಡ್. ಪದದ ಅರ್ಥ ಯಾರಿಗೂ ಗೊತ್ತಿಲ್ಲ, ಆದರೂ ವಾಕ್ಯದ ಮುಕ್ಕಾಲು ಪಾಲು ಅರ್ಥ ಆಗಿಹೋಯಿತು. 1958ರಲ್ಲಿ ಜೀನ್ ಬರ್ಕೊ ಎಂಬ ಸಂಶೋಧಕಿ ಚಿಕ್ಕ ಮಕ್ಕಳಿಗೆ "ವಗ್" ಅನ್ನೋ ಇಲ್ಲದ ಪ್ರಾಣಿಯ ಚಿತ್ರ ತೋರಿಸಿ, ಎರಡಿದ್ದರೆ ಏನನ್ನುತ್ತೀರಿ ಅಂತ ಕೇಳಿ ಇಂಥದ್ದನ್ನೇ ಪರೀಕ್ಷಿಸಿದ್ದರು. ಅಲ್ಲಿಯವರೆಗೆ ಕೇಳಿಯೇ ಇರದ ಪದಕ್ಕೂ ಮಕ್ಕಳು ಬಹುವಚನ ಮಾಡಿಬಿಟ್ಟರು. ಸೈನ್ಸ್ ಫಿಕ್ಷನ್ ಬರೆಯುವವರು ಪುಟಪುಟಕ್ಕೂ ಮಾಡುವುದು ಇದನ್ನೇ ಅಲ್ವಾ?

ಹಾಗಂತ ಪುಟದ ತುಂಬ ಗೊತ್ತಿಲ್ಲದ ಪದ ಇದ್ದರೆ ಊಹೆಯೂ ನಡೆಯುವುದಿಲ್ಲ. ಮಾರ್ಸೆಲ್ಲಾ ಹೂ ಮತ್ತು ಪಾಲ್ ನೇಷನ್ 2000ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾರ ಸಹಾಯವೂ ಇಲ್ಲದೆ ಕಥೆಯೊಂದನ್ನು ಓದಿ ಅರ್ಥ ಮಾಡಿಕೊಳ್ಳಬೇಕಾದರೆ ಅದರಲ್ಲಿ ನೂರಕ್ಕೆ ಸುಮಾರು 98 ಪದ ಗೊತ್ತಿರಬೇಕು. ಅಂದರೆ ನೂರು ಪದಕ್ಕೆ ಎರಡು ಮಾತ್ರ ಹೊಸದು. ದೊಡ್ಡವರಿಗಾಗಿ ಬರೆದ ಸೈನ್ಸ್ ಫಿಕ್ಷನ್ ಈ ಲೆಕ್ಕಕ್ಕೆ ಸಿಗುವುದು ಅಪರೂಪ, ಅದಕ್ಕೇ ನಾನು ಒಂದು ಪುಟದ ಕಥೆಯನ್ನು ನಾನೇ ಬರೆದುಕೊಳ್ಳುವುದು. ಸಾಹಿತ್ಯ ಅಂತ ಯಾರೂ ಅದಕ್ಕೆ ಪ್ರಶಸ್ತಿ ಕೊಡಲ್ಲ, ಪರವಾಗಿಲ್ಲ.

ಇನ್ನು ಸ್ಪೆಲ್ಲಿಂಗ್. ನಾವು ಬರೆದ ಹಾಗೆ ಓದಿ, ಓದಿದ ಹಾಗೆ ಬರೆದು ಬೆಳೆದವರು, ಇಂಗ್ಲಿಷ್‌ನ ಈ ಹುಚ್ಚಾಟ ನಮಗೆ ಸಿಟ್ಟು ಬರಿಸುತ್ತದೆ. ನನ್ನ ಕಥೆಯ ಹಡಗಿನಲ್ಲಿ ಒಂದು ಕಂಪ್ಯೂಟರ್ ಇದೆ, ಅದಕ್ಕೆ ದಯೆ ದಾಕ್ಷಿಣ್ಯ ಇಲ್ಲ, ಟೈಪ್ ಮಾಡಿದ್ದನ್ನು ಅಕ್ಷರ ಅಕ್ಷರ ಪಾಲಿಸುತ್ತದೆ. ಶತ್ರುಗಳು ಬೆನ್ನಟ್ಟಿ ಬರುತ್ತಿದ್ದಾಗ ಪೈಲಟ್ ಗಡಿಬಿಡಿಯಲ್ಲಿ "ಪ್ರಿಪೇರ್ ಫಾರ್ ಲಾಂಚ್" ಅಂತ ಟೈಪ್ ಮಾಡಲು ಹೋಗಿ ಎ ಅಕ್ಷರ ಬಿಟ್ಟುಬಿಡುತ್ತಾನೆ. ಎಂಜಿನ್ ಶುರುವಾಗುವುದಿಲ್ಲ, ಟೇಬಲ್ ಮೇಲೆ ತಟ್ಟೆಗಳು ಬಂದು ಕೂರುತ್ತವೆ. ಹೇಗೋ ತಪ್ಪಿಸಿಕೊಂಡು ಮರುಭೂಮಿಯಲ್ಲಿ ಇಳಿಯೋಣ ಅಂತ "ಡೆಸರ್ಟ್" ಟೈಪ್ ಮಾಡುವಾಗ ಒಂದು ಎಸ್ ಜಾಸ್ತಿ ಬೀಳುತ್ತದೆ. ಕಂಪ್ಯೂಟರ್ ವಿನಯದಿಂದ, ಊಟದ ಕೊನೆಯ ಸಿಹಿತಿಂಡಿಯ ಮೇಲೆ ಹಡಗು ಇಳಿಸಲು ಜಾಗ ಸಾಲದು ಅನ್ನುತ್ತದೆ. ಇಷ್ಟಾದ ಮೇಲೆ ಆ ಎರಡು ಪದಗಳ ಸ್ಪೆಲ್ಲಿಂಗ್ ಮರೆಯುವವರನ್ನು ನಾನು ನೋಡಿಲ್ಲ.

ಇದೆಲ್ಲ ಬರೀ ತಮಾಷೆ ಅಂದುಕೊಳ್ಳುವವರಿಗೆ ಮ್ಯಾರಿನರ್ 1 ನೌಕೆಯ ಕಥೆ ಹೇಳುತ್ತೇನೆ. 1962ರ ಜುಲೈಯಲ್ಲಿ ಶುಕ್ರ ಗ್ರಹದ ಕಡೆಗೆ ಹೊರಟ ಅದನ್ನು ಐದು ನಿಮಿಷದೊಳಗೆ ಭೂಮಿಯಿಂದಲೇ ಸ್ಫೋಟಿಸಬೇಕಾಯಿತು. ದಾರಿ ತೋರಿಸುವ ಸೂಚನೆಗಳಲ್ಲಿ ಒಂದು ಪುಟ್ಟ ಗೆರೆ ಬಿಟ್ಟುಹೋಗಿದ್ದು ಅದರ ಕಾರಣಗಳಲ್ಲಿ ಒಂದು.

ನಿಯಮ ಹೇಳಲೇಬೇಕಾದ ಕಡೆ ಕಥೆಯಲ್ಲಿ ಬಂದ ಪದಗಳನ್ನೇ ಹಿಡಿಯುತ್ತೇನೆ. "ಟ್ರಾನ್ಸ್‌ಮಿಟ್" ಪದಕ್ಕೆ ಇಡಿ ಸೇರಿಸಿದರೆ ಟಿ ಎರಡಾಗುತ್ತದೆ, "ಆರ್ಬಿಟ್" ಪದಕ್ಕೆ ಸೇರಿಸಿದರೆ ಒಂದೇ ಟಿ. ಜೋರಾಗಿ ಹೇಳಿಸಿ, ಗುಟ್ಟು ಬಾಯಲ್ಲೇ ಇದೆ. ಟ್ರಾನ್ಸ್‌ಮಿಟ್‌ನಲ್ಲಿ ಒತ್ತು ಕೊನೆಯ ಭಾಗಕ್ಕೆ, ಅದಕ್ಕೆ ಎರಡು. ಆರ್ಬಿಟ್‌ನಲ್ಲಿ ಒತ್ತು ಮೊದಲಿಗೇ ಮುಗಿಯಿತು, ಅದಕ್ಕೆ ಒಂದು. "ಬಿಗಿನಿಂಗ್" ಮತ್ತು "ಓಪನಿಂಗ್" ಕೂಡ ಇದೇ ದಾರಿ. "ಟ್ರಾವೆಲ್" ಥರ ಎಲ್‌ನಲ್ಲಿ ಮುಗಿಯುವ ಪದಗಳಿಗೆ ಮಾತ್ರ ಬ್ರಿಟಿಷರು ಒತ್ತು ಎಲ್ಲೇ ಇರಲಿ ಎರಡು ಎಲ್ ಹಾಕುತ್ತಾರೆ, ಅಮೆರಿಕದವರು ಹಾಕಲ್ಲ, ಅವರ ಜಗಳ ಅವರಿಗಿರಲಿ. ಇನ್ನು ಇ ಗಿಂತ ಮೊದಲು ಐ, ಆದರೆ ಸಿ ಆದಮೇಲೆ ಹಾಗಲ್ಲ ಅಂತ ಒಂದು ಹಳೆಯ ಪದ್ಯ ಇದೆಯಲ್ಲ, ಅದನ್ನು ನಾನು ಹೇಳಿಕೊಡುವುದನ್ನೇ ಬಿಟ್ಟಿದ್ದೇನೆ. "ಸೈನ್ಸ್" ಅನ್ನೋ ಪದವೇ ಅದನ್ನು ಮುರಿಯುತ್ತದೆ, "ಸ್ಪೀಶೀಸ್" ಕೂಡ ಮುರಿಯುತ್ತದೆ, "ವಿಯರ್ಡ್" ಇನ್ನೊಂದು ಕಡೆಯಿಂದ ಮುರಿಯುತ್ತದೆ. ಸೈನ್ಸ್ ಫಿಕ್ಷನ್ ಪಾಠಕ್ಕೆ ಅಂಥ ನಿಯಮ ಇಟ್ಟುಕೊಂಡು ಮಾಡುವುದೇನು?

ಕಥೆಯ ಕೊನೆಯನ್ನು ನಾನು ಬರೆಯುವುದಿಲ್ಲ, ಮಕ್ಕಳಿಗೆ ಬಿಡುತ್ತೇನೆ. ಕ್ಯಾಪ್ಟನ್‌ಳ ಕೊನೆಯ ಸಂದೇಶ ಬರೆಯಿರಿ, ಅದು ಭೂಮಿಗೆ ಮುಟ್ಟಲು 20 ನಿಮಿಷ ಬೇಕು ಅನ್ನೋದು ನೆನಪಿರಲಿ, ಇಷ್ಟೇ ಷರತ್ತು. ಹಾಳೆಗಳು ವಾಪಸ್ ಬಂದಾಗ ಕೆಂಪು ಪೆನ್ ಮುಟ್ಟುವುದಿಲ್ಲ. ಹಡಗಿನ ಕಂಪ್ಯೂಟರ್ ಆಗಿ ಪಕ್ಕದಲ್ಲಿ ಪೆನ್ಸಿಲ್‌ನಿಂದ ಉತ್ತರ ಬರೆಯುತ್ತೇನೆ: "ಎರಡು ಸಿಗ್ನಲ್ ಅಂದಿರಾ, ಒಂದೇ ಅಂದಿರಾ, ತಿಳಿಯಲಿಲ್ಲ", "ನೀವು ಇಳಿದಿರೋ ಇಳಿಯುತ್ತೀರೋ, ಮತ್ತೆ ಕಳಿಸಿ" ಹೀಗೆ. ಹಡಗು ಮುಳುಗಿಸುವಂಥ ತಪ್ಪುಗಳಿಗೆ ಮಾತ್ರ ಈ ಉತ್ತರ. ಕಾಗುಣಿತದ ಸಣ್ಣಪುಟ್ಟ ತಪ್ಪು, ಬಿಟ್ಟುಹೋದ ಅಲ್ಪವಿರಾಮ ಎಲ್ಲ ಮುಂದಿನ ಕಥೆಗೆ ಇಟ್ಟುಕೊಳ್ಳುತ್ತೇನೆ, ಆ ಕಥೆಯ ಕಂಪ್ಯೂಟರ್ ಹೇಗೂ ಇದಕ್ಕಿಂತ ಮುಂಗೋಪಿ.