ಮೊದಲು ಮೆಟ್ರೋ, ಆಮೇಲೆ ಮನೆ
ಅಪ್ಪನ ಕಾಲದವರು ಮೊದಲು ಸೈಟು ತಗೊಂಡು, ಎಷ್ಟೋ ವರ್ಷ ಬಿಟ್ಟು ಮನೆ ಕಟ್ಟುತ್ತಿದ್ದರು. 1981ರಿಂದ 1996ರೊಳಗೆ ಹುಟ್ಟಿದ ನಮ್ಮ ತಲೆಮಾರು ಬೆಂಗಳೂರಲ್ಲಿ ಮೊದಲು ಕೇಳುವುದು, ಮೆಟ್ರೋ ಎಷ್ಟು ದೂರ? 2023ರಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್ ಮುಟ್ಟಿದ ಮೇಲಂತೂ ಬ್ರೋಕರ್‌ಗಳ ಬಾಯಲ್ಲೂ ಅದೇ ಮಾತು. ಗಂಡ ಹೆಂಡತಿ ಇಬ್ಬರ ಸಂಬಳ ತೋರಿಸಿ ಇಪ್ಪತ್ತು ವರ್ಷದ ಸಾಲ. ಅಡ್ವಾನ್ಸ್ ಕೊಡುವ ಮುಂಚೆ ಜಾಹೀರಾತಿನ ಮೂಲೆಯಲ್ಲಿರುವ ರೇರಾ (ಮನೆ ಕಟ್ಟಿ ಮಾರುವವರ ಮೇಲೆ ನಿಗಾ ಇಡುವ ಸರ್ಕಾರಿ ಪ್ರಾಧಿಕಾರ) ನಂಬರನ್ನು ಅದರ ವೆಬ್‌ಸೈಟಿನಲ್ಲಿ ಹಾಕಿ ನೋಡುತ್ತಾರೆ. ತುಂಬಾ ಒಳ್ಳೆಯ ಅಭ್ಯಾಸ ಇದು.

ಸಾಲವೇ ಬೇಡ ಅನ್ನುವವರು ರೀಟ್ ಯೂನಿಟ್ ಕೊಳ್ಳುತ್ತಾರೆ. ರೀಟ್ ಅಂದರೆ ಹಲವರ ದುಡ್ಡು ಸೇರಿಸಿ ಕಟ್ಟಡಗಳಲ್ಲಿ ಹಾಕಿ, ಬಂದ ಬಾಡಿಗೆಯನ್ನು ಅವರಿಗೆ ಹಂಚುವ ಟ್ರಸ್ಟ್; ಯೂನಿಟ್ ಅಂದರೆ ಷೇರಿನಂತೆ ಅದರ ಒಂದು ಪಾಲು. 2019ರಲ್ಲಿ ಷೇರುಪೇಟೆಯಲ್ಲಿ ಲಿಸ್ಟ್ ಆದ ದೇಶದ ಮೊದಲ ರೀಟ್, ಎಂಬಸಿ, ಬೆಂಗಳೂರಿನದೇ. ಕೆಲವು ನೂರು ರೂಪಾಯಿಗೆ ಟೆಕ್‌ಪಾರ್ಕಿನ ಬಾಡಿಗೆಯಲ್ಲಿ ಪಾಲು!

ನನ್ನ ಚಿಂತೆ ಒಂದೇ ಸಂಬಳದಲ್ಲಿ ಮನೆ ನಡೆಸುವವರದ್ದು. ಸ್ಟೇಷನ್ ಪಕ್ಕದ ಬಾಡಿಗೆ ಅವರನ್ನು ಇನ್ನೂ ದೂರ ತಳ್ಳುತ್ತಿದೆ, ಅಲ್ವಾ?