ಬೇಡವೆಂದು ಓಡಿಹೋದವರ ಹಬ್ಬ

ಡಿಸೆಂಬರ್ 7 ಸಂತ ಅಂಬ್ರೋಸರ ಹಬ್ಬ. ನಮ್ಮ ಕಡೆ ಇದು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲ ನಡೆಯುತ್ತಿರುತ್ತದೆ, ಮಾರನೇ ದಿನವೇ ಅಮಲೋದ್ಭವಿ ಮಾತೆ ಮರಿಯಮ್ಮನವರ ಹಬ್ಬ, ಗೋದಲಿ ಕಟ್ಟುವ ಗಡಿಬಿಡಿ ಬೇರೆ. ಆದರೂ ಧರ್ಮಸಭೆಯ ಮುಂದಾಳು ಎಂಥವರಿರಬೇಕು ಎಂಬ ಮಾತು ಬಂದಾಗ ನನಗೆ ಮೊದಲು ನೆನಪಾಗುವುದು ಇವರೇ.

374ರಲ್ಲಿ ಇಟಲಿಯ ಮಿಲಾನಿನ ಧರ್ಮಾಧ್ಯಕ್ಷರು (ಬಿಷಪ್) ತೀರಿಕೊಂಡರು. ಮುಂದೆ ಯಾರು ಎಂದು ಎರಡು ಪಂಗಡಗಳಿಗೆ ಜಗಳ. ಅಂಬ್ರೋಸ್ ಆಗ ಆ ಪ್ರಾಂತ್ಯದ ರಾಜ್ಯಪಾಲರು. ಗಲಾಟೆ ತಡೆಯಲು ಚರ್ಚಿಗೆ ಬಂದವರು. ಜನರಿಗೆ ಸಮಾಧಾನ ಹೇಳುತ್ತಿದ್ದಾಗ ಯಾವುದೋ ಮಗು "ಅಂಬ್ರೋಸರೇ ಧರ್ಮಾಧ್ಯಕ್ಷರು" ಎಂದು ಕೂಗಿತಂತೆ. ಎಲ್ಲರೂ ಅದನ್ನೇ ಹಿಡಿದುಕೊಂಡರು. ಅವರಿಗೋ ಇನ್ನೂ ಕ್ರೈಸ್ತರಾಗುವ ದೀಕ್ಷಾಸ್ನಾನವೇ ಆಗಿರಲಿಲ್ಲ!

ತಪ್ಪಿಸಿಕೊಳ್ಳಲು ಅವರು ಮಾಡಿದ ಉಪಾಯಗಳನ್ನು ಕೇಳಿದರೆ ನಗು ಬರುತ್ತದೆ. ತಾನು ಕ್ರೂರಿ ಎಂದು ತೋರಿಸಲು ಆರೋಪಿಗಳಿಗೆ ಚಿತ್ರಹಿಂಸೆ ಕೊಡಲು ಹೇಳಿದರಂತೆ (ಇದು ನಗುವ ವಿಷಯವಲ್ಲ, ಬಿಡಿ). ಹೆಸರು ಕೆಡಲಿ ಎಂದು ವೇಶ್ಯೆಯರನ್ನು ಎಲ್ಲರ ಕಣ್ಣೆದುರೇ ಮನೆಗೆ ಕರೆಸಿಕೊಂಡರಂತೆ. "ನಿನ್ನ ಪಾಪ ನಮ್ಮ ಮೇಲಿರಲಿ" ಎಂದರು ಜನ. ಕೊನೆಗೆ ರಾತ್ರೋರಾತ್ರಿ ಓಡಿದರು. ದಾರಿ ತಪ್ಪಿ ಬೆಳಗ್ಗೆ ನೋಡಿದರೆ ಮಿಲಾನಿನ ಊರಬಾಗಿಲಲ್ಲೇ ನಿಂತಿದ್ದರು.

ಸಂತ ಪೌಲರು ತಿಮೊಥೆಯನಿಗೆ ಬರೆದ ಮೊದಲ ಪತ್ರದ ಮೂರನೇ ಅಧ್ಯಾಯದಲ್ಲಿ, ಧರ್ಮಾಧ್ಯಕ್ಷರು ಎಂಥವರಿರಬೇಕು ಎಂದೇ ಒಂದು ಪಟ್ಟಿ ಇದೆ. ಅದರಲ್ಲಿ ವಿದ್ಯೆಗೆ ಸಂಬಂಧಪಟ್ಟದ್ದು ಬೋಧಿಸುವ ಸಾಮರ್ಥ್ಯ ಒಂದೇ. ಉಳಿದದ್ದೆಲ್ಲ ನಡತೆಯ ಮಾತು. ಕುಡುಕನಾಗಿರಬಾರದು, ಜಗಳಗಂಟನಾಗಿರಬಾರದು, ದುಡ್ಡಿನ ಆಸೆ ಇರಬಾರದು. ಮನೆಗೆ ಬಂದವರನ್ನು ಆದರಿಸಬೇಕು, ಸ್ವಂತ ಮನೆಯನ್ನು ಚೆನ್ನಾಗಿ ನಡೆಸಬೇಕು. ನಾವು ಮಾತ್ರ ಹೊಸ ಗುರುಗಳು ಬಂದರೆ ಪ್ರಸಂಗ ಚೆನ್ನಾಗಿ ಮಾಡ್ತಾರಾ, ಹಾಡ್ತಾರಾ ಅಂತಲೇ ಮೊದಲು ಕೇಳುತ್ತೇವೆ, ಅಲ್ವಾ?

ಹೊಸದಾಗಿ ವಿಶ್ವಾಸಕ್ಕೆ ಬಂದವರು ಬೇಡ, ಅಹಂಕಾರ ತಲೆಗೇರೀತು ಎಂದೂ ಪೌಲರು ಬರೆದಿದ್ದಾರೆ. 325ರಲ್ಲಿ ಧರ್ಮಾಧ್ಯಕ್ಷರು ಸೇರಿದ್ದ ನೈಸಿಯಾ ಮಹಾಸಭೆ ಇದನ್ನೇ ನಿಯಮ ಮಾಡಿತ್ತು. ಅಂಬ್ರೋಸರಿಗೆ ದೀಕ್ಷಾಸ್ನಾನವಾದ ಸುಮಾರು ಒಂದು ವಾರಕ್ಕೇ ಧರ್ಮಾಧ್ಯಕ್ಷ ಪಟ್ಟ ಕಟ್ಟಿದರು. ನಿಯಮ ಮುರಿದದ್ದಂತೂ ನಿಜ. ಹಾಗೆಂದು ನಿಯಮವೇ ತಪ್ಪು ಎನ್ನಲಾರೆ. ಅದು ಯಾವುದಕ್ಕೆ ಹೆದರಿತ್ತೋ ಆ ಅಹಂಕಾರಕ್ಕೆ ಅವರೂ ಹೆದರಿದ್ದರು. ತಮ್ಮ ಬಂಗಾರ ಬೆಳ್ಳಿಯನ್ನು ಚರ್ಚಿಗೂ ಬಡವರಿಗೂ ಕೊಟ್ಟು, ಹಿರಿಯ ಗುರು ಸಿಂಪ್ಲಿಸಿಯಾನರ ಹತ್ತಿರ ಕೂತು ಪಾಠ ಕಲಿತರು.

ಅವರ ಕೋಣೆಯ ಬಾಗಿಲಿನ ವಿಷಯ ನನಗೆ ತುಂಬ ಇಷ್ಟ. ಹೇಳಿದವರು ಮುಂದೆ ತಾವೂ ಸಂತರಾದ ಅಗಸ್ಟೀನರು. ಆ ಬಾಗಿಲು ಯಾರಿಗೂ ಮುಚ್ಚಿರಲಿಲ್ಲ, ಬಂದವರು ಯಾರೆಂದು ಮೊದಲೇ ತಿಳಿಸುವ ಪದ್ಧತಿಯೂ ಇರಲಿಲ್ಲ. ಒಳಗೆ ಹೋದರೆ ಅಂಬ್ರೋಸರು ತುಟಿ ಅಲುಗಿಸದೆ ಮನಸ್ಸಿನಲ್ಲೇ ಓದುತ್ತಾ ಕೂತಿರುತ್ತಿದ್ದರು. ಅಗಸ್ಟೀನರಿಗೆ ಅದೇ ಒಂದು ಅಚ್ಚರಿ. ಅಗಸ್ಟೀನರು ಸುಮ್ನೆ ಸ್ವಲ್ಪ ಹೊತ್ತು ಕೂತು ಎದ್ದು ಬರುತ್ತಿದ್ದರು. 387ರ ಈಸ್ಟರ್ ರಾತ್ರಿ ಅವರಿಗೆ ದೀಕ್ಷಾಸ್ನಾನ ಕೊಟ್ಟವರೂ ಅಂಬ್ರೋಸರೇ.

ದುಡ್ಡಿನ ವಿಷಯಕ್ಕೆ ಬಂದರೆ, ರೋಮ್ ಸಾಮ್ರಾಜ್ಯದ ಮೇಲೆ ದಾಳಿ ಮಾಡಿದ ಗಾಥ್ ಜನರಿಗೆ ಸೆರೆಸಿಕ್ಕವರನ್ನು ಬಿಡಿಸಲು ಚರ್ಚಿನ ಪೂಜಾಪಾತ್ರೆಗಳನ್ನೇ ಒಡೆಸಿ ಕರಗಿಸಿದರು. ವಿರೋಧಿಗಳು ಬೈದರು. ಪಾತ್ರೆ ಉಳಿಸುವುದಕ್ಕಿಂತ ಜನರನ್ನು ಉಳಿಸುವುದು ಜಾಸ್ತಿ ಮುಖ್ಯ ಎಂದು ಇವರು ಉತ್ತರ ಕೊಟ್ಟರು.

ಆದರೆ ಪೌಲರ ಪಟ್ಟಿಯ ಕೊನೆಗೆ ಇನ್ನೊಂದಿದೆ. ಹೊರಗಿನವರಲ್ಲೂ ಒಳ್ಳೆಯ ಹೆಸರಿರಬೇಕು. 388ರಲ್ಲಿ ಯೂಫ್ರೆಟಿಸ್ ದಡದ ಕ್ಯಾಲಿನಿಕಮ್ ಊರಲ್ಲಿ ಕ್ರೈಸ್ತರು ಯೆಹೂದ್ಯರ ಪ್ರಾರ್ಥನಾ ಮಂದಿರ ಸುಟ್ಟರು. ರೋಮ್ ಚಕ್ರವರ್ತಿ ಥಿಯೊಡೋಸಿಯಸ್, ಆ ಊರಿನ ಧರ್ಮಾಧ್ಯಕ್ಷರೇ ಅದನ್ನು ಕಟ್ಟಿಕೊಡಬೇಕೆಂದು ಆಜ್ಞೆ ಮಾಡಿದ. ನ್ಯಾಯವಾದ ಆಜ್ಞೆ. ಅಂಬ್ರೋಸರು ಹಟ ಹಿಡಿದು ಅದನ್ನು ರದ್ದು ಮಾಡಿಸಿದರು. ಚಕ್ರವರ್ತಿ ಒಪ್ಪುವ ತನಕ ಚರ್ಚಿನ ರೊಟ್ಟಿ ದ್ರಾಕ್ಷಾರಸದ ಬಲಿಪೂಜೆಯನ್ನೇ ಮುಂದುವರಿಸಲಿಲ್ಲ. ಸಂತರ ಹಬ್ಬದ ದಿನ ಇದನ್ನು ಎತ್ತಬೇಕಾ ಎಂದು ಕೆಲವರು ಕೇಳಬಹುದು. ಎತ್ತಲೇಬೇಕು ಎನ್ನುವವ ನಾನು. ತೆರೆದ ಬಾಗಿಲಿನ ಮನುಷ್ಯನೇ ಅವತ್ತು ಪ್ರಾರ್ಥನಾ ಮಂದಿರ ಸುಟ್ಟುಹೋದ ನೆರೆಯವರನ್ನು ಹೊರಗೆ ನಿಲ್ಲಿಸಿಬಿಟ್ಟ.

ಎರಡೇ ವರ್ಷಕ್ಕೆ, 390ರಲ್ಲಿ, ಅದೇ ಥಿಯೊಡೋಸಿಯಸ್ ಸೇಡಿಗಾಗಿ ಥೆಸಲೋನಿಕದಲ್ಲಿ ಸಾವಿರಾರು ಜನರನ್ನು ಕೊಲ್ಲಿಸಿದ. ಆಗ ಅಂಬ್ರೋಸರು ಬೀದಿಯಲ್ಲಿ ನಿಂತು ಕೂಗಲಿಲ್ಲ. ಅವನೊಬ್ಬನೇ ಓದಲೆಂದು ಸ್ವಂತ ಕೈಯಿಂದ ಪತ್ರ ಬರೆದು, ನೀನು ಪಶ್ಚಾತ್ತಾಪ ಪಡದೆ ನಾನು ಬಲಿಪೂಜೆ ಅರ್ಪಿಸಲಾರೆ ಎಂದು ತಿಳಿಸಿದರು. ಚಕ್ರವರ್ತಿ ರಾಜವಸ್ತ್ರ ಕಳಚಿಟ್ಟು ಎಲ್ಲರೆದುರು ಅತ್ತ.

ಕ್ಯಾಲಿನಿಕಮ್ ವಿಷಯದಲ್ಲಿ ಅಂಬ್ರೋಸರಿಗೂ ಅಂಥ ಒಂದು ಪತ್ರ ಬೇಕಿತ್ತು. ಈ ಸಲ ಹಬ್ಬದ ಪೂಜೆಯಲ್ಲಿ ನಮ್ಮ ಗುರುಗಳ, ಬಿಷಪ್ಪರ ಹೆಸರು ಹಿಡಿದು ನಾನು ಬೇಡಿಕೊಳ್ಳುವುದು ಅದನ್ನೇ. ಪ್ರಭುವೇ, ಇವರಿಗೆ ಹೊಗಳುವವರು ಬೇಕಾದಷ್ಟಿದ್ದಾರೆ. ಪತ್ರ ಬರೆಯುವ ಒಬ್ಬ ಗೆಳೆಯನನ್ನು ಕೊಡು.