ಪಾದ ನೋಡುವ ಗಾಜಿನ ಪೆಟ್ಟಿಗೆ, ಆರನೇ ಕಂತು: ಮಳೆಗಾಲದಲ್ಲಷ್ಟೇ ಚಪ್ಪಟೆಯಾಗುವ ಕಾಲು

ಅಂಚಿನಿಂದ ಬೆಳಕು ಬಿಟ್ಟ ಗಾಜಿನ ಮೇಲೆ ಮಗು ನಿಂತರೆ, ಅಂಗಾಲು ತಾಗಿದ ಜಾಗ ಮಾತ್ರ ಬೆಳಗಿ ಕೆಳಗಿನ ಕನ್ನಡಿಯಲ್ಲಿ ಪಾದದ ಅಚ್ಚು ಕಾಣುವ ಪೆಟ್ಟಿಗೆ ಇದು. ಅದರ ಅಳತೆಯನ್ನು ಮಳೆಗಾಲದಲ್ಲಿ ಕೆಡಿಸುತ್ತಿದ್ದ ಕಳ್ಳ ಕೊನೆಗೂ ಸಿಕ್ಕಿಬಿದ್ದ. ಜನವರಿಯಲ್ಲಿ ಚೆಂದದ ಕಮಾನು (ಅಂಗಾಲಿನ ನಡುವೆ ನೆಲಕ್ಕೆ ತಾಗದ ಬಾಗು) ತೋರಿಸಿದ್ದ ಏಳು ವರ್ಷದ ಪಾದ, ಆರಿದ್ರಾ ಮಳೆ ಹಿಡಿದ ಮೇಲೆ ಅದೇ ಪೆಟ್ಟಿಗೆಯ ಮೇಲೆ ಅಕ್ಕಿರೊಟ್ಟಿ ತಟ್ಟಿದ ಹಾಗೆ ಕಾಣತೊಡಗಿತ್ತು. ಪಾದ ಬದಲಾಗಿರಲಿಲ್ಲ. ಬದಲಾಗಿದ್ದು ಅಂಗಾಲಿಗೂ ಗಾಜಿಗೂ ನಡುವಿನ ಗಾಳಿ. ಇಷ್ಟು ತಿಳಿಯಲು ಮೂರು ವಾರ ಬೇಕಾಯಿತು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈ ಪೆಟ್ಟಿಗೆ ಕಟ್ಟುವವರೆಲ್ಲ ಇದೇ ಗುಂಡಿಗೆ ಬೀಳುವುದು ಖಂಡಿತ, ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ.

ಪೆಟ್ಟಿಗೆಯ ಅಳತೆ ಹಳೆಯದೇ: 200×300 ಮಿಲಿಮೀಟರಿನ, 12 ಮಿಲಿಮೀಟರ್ ದಪ್ಪದ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜು, ಕೆಳಗೆ 45 ಡಿಗ್ರಿಯಲ್ಲಿ 300×285ರ ಕನ್ನಡಿ, ಎರಡು ಉದ್ದಂಚಿಗೆ ಎಲ್‌ಇಡಿ ಪಟ್ಟಿ, ಒಳಗೆಲ್ಲ ಹೊಳಪಿಲ್ಲದ ಕಪ್ಪು ಬಣ್ಣ. ಒಂದು ಕಾಲು ಗಾಜಿನ ಮೇಲೆ, ಇನ್ನೊಂದು ಪಕ್ಕದ ಮಣೆಯ ಮೇಲಿಟ್ಟ ತೂಕದ ಮೆಷಿನ್ ಮೇಲೆ. ಮೊಬೈಲ್ ಮುಂದಿನ ಕಿಂಡಿಯಲ್ಲಿ. ಕನ್ನಡಿಯಲ್ಲಿ ಎಡ ಬಲ ಅದಲುಬದಲಾಗುವುದರಿಂದ ಗಾಜಿನ ಮೂಲೆಗೆ 'ಎಡ', 'ಬಲ' ಚೀಟಿ ಅಂಟಿಸುವುದನ್ನು ಮರೆಯಬೇಡಿ.

ಗಾಜಿನ ಬಗ್ಗೆ ಮಾತ್ರ ಮತ್ತೊಮ್ಮೆ ಹೇಳಲೇಬೇಕು. ಅಂಚು ಪಾಲಿಶ್ ಆಗದ ಗಾಜಿಗೆ ಬೆಳಕು ಸರಿಯಾಗಿ ನುಗ್ಗುವುದಿಲ್ಲ. ಪಾಲಿಶ್, ಮೂಲೆ ಉರುಟು ಮಾಡುವುದು ಎಲ್ಲವೂ ಟಫನ್ ಮಾಡುವ ಮೊದಲೇ ಆಗಬೇಕು. ಆಮೇಲೆ ಕೊಯ್ಯಲು ಹೋದರೆ ಇಡೀ ಹಲಗೆ ಹರಳು ಹರಳಾಗಿ ಸಿಡಿಯುತ್ತದೆ. ಚೀಟಿಯಲ್ಲಿ 'ನಾಲ್ಕೂ ಅಂಚು ಪಾಲಿಶ್' ಎಂದು ಬರೆದುಕೊಟ್ಟರೂ ಬಂದದ್ದು ಬರೀ ಉಜ್ಜಿದ ಅಂಚು, ಅದೂ 10 ಮಿಲಿಮೀಟರ್ ದಪ್ಪದ್ದು. ಕೇಳಿದರೆ 'ಎರಡು ಮಿಲಿಮೀಟರಿಗೆ ಏನಾಗುತ್ತೆ ಸಾರ್' ಎಂಬ ಉತ್ತರ. ಪಟ್ಟಿಯ ಅಗಲವೇ 8 ಮಿಲಿಮೀಟರ್. 10ರ ಗಾಜಿನಲ್ಲಿ ಪಟ್ಟಿ ಕೂದಲೆಳೆಯಷ್ಟು ಜಾರಿದರೂ ಬೆಳಕು ಗಾಜಿನೊಳಗೆ ಹೋಗದೆ ಮೇಲಿಂದ ಪಾದಕ್ಕೇ ಬೀಳುತ್ತದೆ, ಆಗ ತಾಗಿದ ಜಾಗ ತಾಗದ ಜಾಗ ಎಲ್ಲ ಒಂದೇ ಬಣ್ಣ. ಗಾಜು ವಾಪಸ್ ಹೋಗಿ 12ರದು ಬರುವಷ್ಟರಲ್ಲಿ ಎರಡು ವಾರ. ಪಟ್ಟಿಯ ಹಿಂದಿನ ಅಂಟು ಮಳೆಗಾಲದ ಥಂಡಿಗೆ ಒಂದು ವಾರವೂ ನಿಲ್ಲದು. ಅಲ್ಯೂಮಿನಿಯಂ ಚಾನಲ್ ಒಳಗೆ ಕೂರಿಸಿ ಸ್ಕ್ರೂ ಹಾಕುವುದೇ ಲೇಸು. ಕರೆಂಟಿನ ನೆಚ್ಚಿಕೆ ಬಿಟ್ಟು 5 ವೋಲ್ಟಿನ ಪಟ್ಟಿ ತಂದರೆ ಪವರ್‌ಬ್ಯಾಂಕಿನಲ್ಲೇ ಉರಿಯುತ್ತದೆ.

ಇನ್ನು ಕಳ್ಳನ ವಿಷಯ.

ಅಳೆಯುವುದು ಕಮಾನಿನ ಸೂಚ್ಯಂಕ. ಬೆರಳು ಬಿಟ್ಟು ಉಳಿದ ಅಚ್ಚನ್ನು ಉದ್ದಕ್ಕೆ ಮೂರು ಸಮಪಾಲು ಮಾಡಿ, ನಡುವಿನ ಪಾಲಿನ ವಿಸ್ತೀರ್ಣವನ್ನು ಒಟ್ಟು ವಿಸ್ತೀರ್ಣದಿಂದ ಭಾಗಿಸುವುದು. 1987ರಲ್ಲಿ ಕವನಾ ಮತ್ತು ರಾಜರ್ಸ್ ಕೊಟ್ಟ ಲೆಕ್ಕ ಇದು: 0.21ರೊಳಗೆ ಎತ್ತರದ ಕಮಾನು, 0.26 ದಾಟಿದರೆ ತಗ್ಗು. ಈ ಗಡಿಗಳು ದೊಡ್ಡವರ ಪಾದದಿಂದ ಬಂದವು. ಮಕ್ಕಳಲ್ಲಿ ಆರು ತಿಂಗಳಿಗೊಮ್ಮೆ ಅಳೆದು ಅದೇ ಮಗುವಿನ ಹಿಂದಿನ ಅಂಕಿಯ ಜೊತೆ ಹೋಲಿಸುವುದಕ್ಕಷ್ಟೇ ಬಳಸಿ. ಅಚ್ಚಿನಲ್ಲಿ ಎಷ್ಟು ಸಣ್ಣ ತಪ್ಪು ಸಾಕು ನೋಡಿ. ಒಟ್ಟು 70 ಚದರ ಸೆಂಟಿಮೀಟರಿನಲ್ಲಿ ನಡುಪಾಲು 17 ಇದ್ದರೆ ಸೂಚ್ಯಂಕ 0.243. ಕಮಾನಿನ ಜಾಗದಲ್ಲಿ ಹೆಬ್ಬೆರಳ ಉಗುರಿನ ಮೂರು ನಾಲ್ಕು ಪಟ್ಟು ಜಾಗ, ಅಂದರೆ ಬರೀ 4 ಚದರ ಸೆಂಟಿಮೀಟರ್ ಸುಳ್ಳು ಬೆಳಗಿದರೆ 74ಕ್ಕೆ 21 ಆಗಿ 0.284. ಕೂತಲ್ಲೇ ಮಗುವಿಗೆ ಚಪ್ಪಟೆ ಪಾದ ಬಂದ ಹಾಗಾಯಿತು.

ಮೊದಲ ಅನುಮಾನ ತೂಕದ ಮೇಲೆ. ಮಗು ಗಾಜಿನ ಕಾಲಿಗೆ ವಾಲಿದರೆ ಕಮಾನು ಇಳಿಯುವುದು ನಿಜ. 22 ಕೆಜಿ ಮಗುವಾದರೆ ಮೆಷಿನ್ 11 ತೋರಿಸಬೇಕು, ಅರ್ಧ ಕೆಜಿ ಆಚೀಚೆ ನಡೆಯುತ್ತದೆ. ಮೆಷಿನ್ನಿನ ತಲೆ ಮತ್ತು ಗಾಜು ಒಂದೇ ಮಟ್ಟದಲ್ಲಿವೆಯೇ ಎಂದು ರಸಮಟ್ಟ ಇಟ್ಟು ನೋಡಿ. 5 ಮಿಲಿಮೀಟರ್ ವ್ಯತ್ಯಾಸವಿದ್ದರೂ ಮೈ ಒಂದು ಕಡೆ ಓಲುತ್ತದೆ. ಮಗು ತನ್ನ ಕಾಲನ್ನೇ ಬಗ್ಗಿ ನೋಡಿದರೂ ಭಾರ ಮುಂದಕ್ಕೆ ಹೋಗುತ್ತದೆ. 'ಪುಟ್ಟಾ, ಗೋಡೆ ಮೇಲಿನ ಕ್ಯಾಲೆಂಡರಲ್ಲಿ ಗಣೇಶ ಚೌತಿ ಯಾವತ್ತು ನೋಡು' ಎಂದರೆ ತಲೆ ತಾನಾಗಿ ನೆಟ್ಟಗಾಗುತ್ತದೆ. ಎಲ್ಲ ಸರಿಮಾಡಿದರೂ ಅಂಕಿ ಮಾತ್ರ ಇಳಿಯಲಿಲ್ಲ.

ಎರಡನೇ ಅನುಮಾನ ಫೋಟೊದಿಂದ ವಿಸ್ತೀರ್ಣ ಅಳೆಯುವ ತಂತ್ರಾಂಶ ಇಮೇಜ್‌ಜೆಯಲ್ಲಿ ಹಾಕುವ ಥ್ರೆಶೋಲ್ಡ್ ಮೇಲೆ, ಅಂದರೆ ಎಷ್ಟು ಬೆಳಗಿದ್ದನ್ನು ಅಚ್ಚೆಂದು ಎಣಿಸಬೇಕು ಎಂಬ ಗಡಿಯ ಮೇಲೆ. ಅದನ್ನು ಏರಿಸಿದರೆ ನಡುವಿನ ಮಬ್ಬು ಹೋಗುತ್ತದೆ ನಿಜ, ಜೊತೆಗೆ ಪಾದದ ಹೊರ ಅಂಚಿನಲ್ಲಿ ಹಗುರವಾಗಿ ತಾಗಿದ ನಿಜವಾದ ಅಚ್ಚೂ ಹೋಗುತ್ತದೆ. ಬೇಕಾದ ಉತ್ತರ ಬರುವವರೆಗೆ ಗುಂಡಿ ತಿರುಗಿಸಿದರೆ ಅದು ಅಳತೆಯಲ್ಲ. ಒಮ್ಮೆ ಗೊತ್ತುಮಾಡಿದ ಥ್ರೆಶೋಲ್ಡ್ ವರ್ಷವಿಡೀ ಒಂದೇ ಇರಲಿ.

ಗುಟ್ಟು ಬಿಟ್ಟುಕೊಟ್ಟಿದ್ದು ಮೂರು ಫೋಟೊ. ನಿಂತ 5 ಸೆಕೆಂಡಿಗೆ ಒಂದು, 30ಕ್ಕೆ ಒಂದು, 60ಕ್ಕೆ ಒಂದು. ಮೊದಲನೆಯದರಲ್ಲಿ ಕಮಾನು ಅರೆಬರೆ ಕಾಣುತ್ತದೆ, ಮೂರನೆಯದರಲ್ಲಿ ಪೂರ್ತಿ ತುಂಬಿಹೋಗಿದೆ. ಸುಮ್ಮನೆ ನಿಂತ ಮಗುವಿನ ಕಮಾನು ಒಂದು ನಿಮಿಷದಲ್ಲಿ ಅಷ್ಟು ಕುಸಿಯಲು ಸಾಧ್ಯವಿಲ್ಲ. ಪಾದ ಎತ್ತಿದ ಕೂಡಲೇ ಗಾಜನ್ನು ಓರೆಯಾಗಿ ನೋಡಿದಾಗ ಎಲ್ಲ ಸ್ಪಷ್ಟ: ಹಿಮ್ಮಡಿ ಮತ್ತು ಮುಂಪಾದದ ಜಾಗದಲ್ಲಿ ಚರ್ಮದ ಗೆರೆಗೆರೆ ಬೆವರಚ್ಚು, ಕಮಾನಿನ ಜಾಗದಲ್ಲಿ ಗೆರೆಯೇ ಇಲ್ಲದ ನುಣ್ಣನೆ ಹಾಲುಬಿಳಿ ಮಬ್ಬು. ಗೆರೆ ಇಲ್ಲವೆಂದರೆ ಚರ್ಮ ಅಲ್ಲಿ ತಾಗಿಯೇ ಇಲ್ಲ. ಅದು ಆವಿ.

ಕಾರಣ ಸರಳ. ಅಂಚಿನಿಂದ ನುಗ್ಗಿದ ಬೆಳಕು ಗಾಜಿನ ಮೇಲ್ಮೈಗೂ ಕೆಳಮೈಗೂ ಬಡಿದು ವಾಪಸಾಗುತ್ತ ಒಳಗೇ ಓಡಾಡುತ್ತಿರುತ್ತದೆ. ಮೇಲೆ ಗಾಳಿಯಿದ್ದರೆ, ಲಂಬದಿಂದ ಸುಮಾರು 42 ಡಿಗ್ರಿಗಿಂತ ಓರೆಯಾಗಿ ಬಿದ್ದ ಬೆಳಕು ಹೊರಗೆ ಬರದು. ನೀರಿದ್ದರೆ ಆ ಗಡಿ ಸುಮಾರು 62 ಡಿಗ್ರಿ, ಇವೆರಡರ ನಡುವಿನ ಬೆಳಕೆಲ್ಲ ಅಲ್ಲಿ ಸೋರಿ ಆ ಜಾಗ ಬೆಳಗುತ್ತದೆ. ಗಾಜಿಗೆ ಬೆವರೂ ಒಂದೇ, ತಾಗಿದ ಚರ್ಮವೂ ಒಂದೇ. ಜಡಿಮಳೆಯ ದಿನ ಗಾಜು 22 ಡಿಗ್ರಿಯಷ್ಟು ತಣ್ಣಗಿರುತ್ತದೆ, ಅಂಗಾಲು ಅದಕ್ಕಿಂತ ಬೆಚ್ಚಗೆ. ಕಮಾನಿನ ಅಡಿಯ ಗಾಳಿ ಗುಡಿಸಲಲ್ಲಿ ಹೊಗೆ ನಿಂತ ಹಾಗೆ ಅಲ್ಲೇ ನಿಂತು, ಬೆವರಿನ ಆವಿ ಕುಡಿದು ತಣ್ಣನೆ ಗಾಜಿನ ಮೇಲೆ ಹನಿಯಾಗುತ್ತದೆ. ಕಮಾನು ಇರುವ ಪಾದಕ್ಕೇ ಈ ಕಾಟ ಹೆಚ್ಚು ಎಂಬುದು ಇದರ ಕ್ರೌರ್ಯ. ಹಳೆಯ ಒದ್ದೆ ಕಾಲಿನ ಕಾಗದದ ಅಚ್ಚೂ ಈ ತಿಂಗಳುಗಳಲ್ಲಿ ನಂಬಿಕೆಗೆ ಯೋಗ್ಯವಲ್ಲ. ತೇವ ಹೀರಿದ ಕಾಗದದಲ್ಲಿ ನೀರು ಹರಡಿ ನಡುವಿನ ಸೊಂಟ ದಪ್ಪವಾಗುತ್ತದೆ.

ಪರಿಹಾರ: ಗಾಜನ್ನು ಅಂಗಾಲಿನಷ್ಟೇ ಬೆಚ್ಚಗೆ ಮಾಡುವುದು, 32ರಿಂದ 34 ಡಿಗ್ರಿ. ರಬ್ಬರಿನ ಬಿಸಿನೀರಿನ ಚೀಲಕ್ಕೆ ಬಚ್ಚಲ ಹಂಡೆಯ ಸುಮಾರು 50 ಡಿಗ್ರಿಯ ನೀರು ತುಂಬಿ ಗಾಜಿನ ಮೇಲೆ ಹತ್ತು ನಿಮಿಷ ಮಲಗಿಸಿ, ಮೇಲೊಂದು ಕಂಬಳಿ ತುಂಡು ಹೊದಿಸಿ. ಗಾಜು ಪೌನೆ ಎರಡು ಕೆಜಿ ತೂಗುವುದರಿಂದ ಕಾಯಲು ಹೊತ್ತು ಬೇಕು, ಆದರೆ ಒಮ್ಮೆ ಕಾದರೆ ಎರಡೂ ಕಾಲು ಮುಗಿಯುವವರೆಗೆ ಬಿಸಿ ನಿಲ್ಲುತ್ತದೆ. ಪೆಟ್ಟಿಗೆಯೊಳಗೆ 40 ವ್ಯಾಟಿನ ಹಳೇ ಬಲ್ಬ್ ಇಪ್ಪತ್ತು ನಿಮಿಷ ಉರಿಸಿದರೂ ಆಗುತ್ತದೆ, ಕರೆಂಟ್ ಇದ್ದರೆ. ಕುದಿನೀರು ಬೇಡ. ಮಗು ನಿಲ್ಲುವ ಮೊದಲು ಮುಂಗೈ ಹಿಂಬದಿ ಇಟ್ಟು ನೋಡಿ, ಬಿಸಿ ಎನಿಸಬಾರದು, ತಣ್ಣಗೂ ಎನಿಸಬಾರದು. ಆಮೇಲೆ 'ಹಾ' ಎಂದು ಗಾಜಿನ ಮೇಲೆ ಉಸಿರು ಬಿಡಿ. ಮಬ್ಬು ಎರಡು ಸೆಕೆಂಡಿನೊಳಗೆ ಮಾಯವಾದರೆ ಗಾಜು ಸಿದ್ಧ, ನಿಂತರೆ ಇನ್ನೈದು ನಿಮಿಷ ಚೀಲ. ಗಾಜನ್ನು ಸ್ಪಿರಿಟ್ಟಿನಲ್ಲಿ, ಅಂಗಾಲನ್ನು ಹಳೇ ಪಂಚೆಯ ಬಟ್ಟೆಯಲ್ಲಿ ಒರೆಸಿ, ನಿಲ್ಲಿಸಿ, 5 ಸೆಕೆಂಡಿಗೆ ಫೋಟೊ, 30ಕ್ಕೆ ಇನ್ನೊಂದು. ಎರಡರಲ್ಲೂ ನಡುಪಾಲು ಒಂದೇ ಇದ್ದರೆ ಮಾತ್ರ ಅಂಕಿ ಬರೆದಿಡಿ.

ಶಿವರಾತ್ರಿಯ ಹೊತ್ತಿಗೆ ತೊಂದರೆ ತಿರುಗಾಮುರುಗ. ಅಡಿಕೆ ಅಂಗಳದಲ್ಲಿ ಬರಿಗಾಲಲ್ಲಿ ಓಡುವ ಮಕ್ಕಳ ಅಂಗಾಲು ಒಣಗಿ ಪೆಡಸಾಗಿರುತ್ತದೆ, ಒಣಚರ್ಮ ಗಾಜಿಗೆ ಸರಿಯಾಗಿ ಅಂಟದೆ ಅಚ್ಚು ಚುಕ್ಕಿಚುಕ್ಕಿ ಬರುತ್ತದೆ, ವಿಸ್ತೀರ್ಣ ಕಡಿಮೆ ಬರುತ್ತದೆ. ಆಗ ಒದ್ದೆ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣಬಟ್ಟೆಯಲ್ಲಿ ಒತ್ತಿ, ನಿಲ್ಲಿಸಿ.

ಇಷ್ಟೆಲ್ಲ ಆದ ಮೇಲೂ ಪೆಟ್ಟಿಗೆ ಹೇಳುವುದು ಅಚ್ಚಿನ ಆಕಾರ ಮಾತ್ರ. ಪುಟ್ಟ ಮಕ್ಕಳ ಅಂಗಾಲಲ್ಲಿ ಕಮಾನಿನಡಿ ಕೊಬ್ಬಿನ ಮೆತ್ತೆ ಇರುತ್ತದೆ, ಕೀಲಿನ ಕಟ್ಟುಗಳು ಸಡಿಲ ಇರುತ್ತವೆ. ಆರು ವರ್ಷದೊಳಗಿನ ನೋವಿಲ್ಲದ ಚಪ್ಪಟೆ ಪಾದ ಸಹಜ ಬೆಳವಣಿಗೆ, ಕಮಾನು ಹತ್ತು ವರ್ಷದವರೆಗೂ ಮೂಡುತ್ತಿರುತ್ತದೆ. ನಿಜವಾದ ಪರೀಕ್ಷೆಗೆ ಗಾಜೇ ಬೇಡ. ಮಗುವನ್ನು ತುದಿಗಾಲಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ: ಕಮಾನು ಮೂಡಿ, ಹೊರಗೆ ವಾಲಿದ್ದ ಹಿಮ್ಮಡಿ ಒಳಕ್ಕೆ ತಿರುಗಬೇಕು. ನಿಂತಿದ್ದಾಗಲೇ ಹೆಬ್ಬೆರಳನ್ನು ಮೇಲಕ್ಕೆತ್ತಿದರೂ ಕಮಾನು ಏಳಬೇಕು. ಎದ್ದರೆ ಅದು ಬಳುಕುವ ಚಪ್ಪಟೆ ಪಾದ, ಅಂದರೆ ಭಾರ ಬಿದ್ದಾಗ ಮಾತ್ರ ತಗ್ಗುವಂಥದ್ದು. ಏಳದಿದ್ದರೆ, ಒಂದೇ ಕಾಲು ಚಪ್ಪಟೆಯಾದರೆ, ನೋವು ಊತವಿದ್ದರೆ, ಅಥವಾ ಎಂಟು ದಾಟಿದ ಮಗುವಿನ ಕಾಲು ಪದೇ ಪದೇ ಉಳುಕುತ್ತಿದ್ದರೆ ಮೂಳೆ ವೈದ್ಯರ ಬಳಿಗೇ ಹೋಗಬೇಕು. ಪಾದದ ಎರಡು ಮೂಳೆ ಬೆಸೆದುಕೊಂಡಿರುವ ತೊಂದರೆ ಹೊರಗೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಎಂಟರಿಂದ ಹದಿನಾರರ ನಡುವೆ.

ಶೂ ಒಳಗಿಡುವ, 'ಕಮಾನು ಏರಿಸುವ' ಗಟ್ಟಿ ಇನ್‌ಸೋಲ್ ಮಾರುವವರ ಮಾತು ಕೇಳಿ ಹಣ ಸುರಿಯುವ ಮೊದಲು ಒಂದು ಅಧ್ಯಯನ ನೆನಪಿರಲಿ. 1989ರಲ್ಲಿ ವೆಂಗರ್ ಮತ್ತು ಜೊತೆಗಾರರು ಒಂದರಿಂದ ಆರು ವರ್ಷದ ಮಕ್ಕಳನ್ನು ಮೂರು ವರ್ಷ ಹಿಂಬಾಲಿಸಿ ನೋಡಿದರು. ವಿಶೇಷ ಶೂ, ಇನ್‌ಸೋಲ್ ಹಾಕಿದವರ ಪಾದಕ್ಕೂ ಏನೂ ಮಾಡದವರ ಪಾದಕ್ಕೂ ವ್ಯತ್ಯಾಸ ಕಾಣಲಿಲ್ಲ, ಎಲ್ಲ ಗುಂಪಿನಲ್ಲೂ ಕಮಾನು ಸುಧಾರಿಸಿತ್ತು. ನೋವಿದ್ದಾಗ ಮೆತ್ತನೆಯ ಇನ್‌ಸೋಲ್ ಆರಾಮ ಕೊಡಬಹುದು, ಕಮಾನು ಕಟ್ಟಿಕೊಡುವುದಿಲ್ಲ. ಇನ್ನು 1992ರಲ್ಲಿ ರಾವ್ ಮತ್ತು ಜೋಸೆಫ್ ನಮ್ಮ ದೇಶದ 4ರಿಂದ 13 ವರ್ಷದ 2300 ಮಕ್ಕಳ ಅಚ್ಚು ತೆಗೆದಾಗ, ಪಾದರಕ್ಷೆ ಹಾಕುವವರಲ್ಲಿ ಚಪ್ಪಟೆ ಪಾದ ಶೇಕಡಾ 8.6, ಬರಿಗಾಲಿನವರಲ್ಲಿ 2.8. ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲಿ ಅತಿ ಹೆಚ್ಚು. ಜಿಗಣೆ, ಗಾಜಿನ ಚೂರು ಇಲ್ಲದ ಅಂಗಳದಲ್ಲಿ ಮಕ್ಕಳು ಬರಿಗಾಲಲ್ಲಿ ಆಡಿದರೆ ಬೈಯಬೇಡಿ.

ಮುಂದಿನ ಕೆಲಸ ಇಳಿಜಾರು ಹಲಗೆ, ಅದು ಮೀನಖಂಡ ಬಿಗಿಯಾದ ಮಕ್ಕಳಿಗೆ. ಬಿಗಿ ಇದೆಯೇ ಎಂದು ತಿಳಿಯಲು ಹಿಮ್ಮಡಿಯನ್ನು ಒಳಕ್ಕೆ ತುಸು ತಿರುಗಿಸಿ ಹಿಡಿದು ಪಾದವನ್ನು ಮೊಣಕಾಲಿನ ಕಡೆಗೆ ಮಡಿಸಿ. ಮಂಡಿ ನೆಟ್ಟಗಿದ್ದಾಗ ಪಾದ ಕಾಲಿಗೆ ಲಂಬವಾಗುವ ಮಟ್ಟ ದಾಟಿ 10 ಡಿಗ್ರಿಯಷ್ಟು ಬರಬೇಕು. ಮಂಡಿ ಮಡಿಸಿದಾಗ ಬಂದು, ನೆಟ್ಟಗಿದ್ದಾಗ ಬರದಿದ್ದರೆ ಮೀನಖಂಡದ ಮೇಲಿನ ಸ್ನಾಯು ಬಿಗಿ. ಹಿಮ್ಮಡಿ ಹಿಡಿಯದೆ ಬರೀ ಮುಂಪಾದ ತಳ್ಳಿದರೆ ಪಾದದ ನಡುಭಾಗವೇ ಬಳುಕಿ 'ಬಂತು' ಎಂದು ಮೋಸ ಮಾಡುತ್ತದೆ. ಇಂಥ ಮಗುವಿನ ಶೂಗೆ ಗಟ್ಟಿ ಕಮಾನಿನ ಇನ್‌ಸೋಲ್ ಹಾಕಿದರೆ ನೋವು ಹೆಚ್ಚುತ್ತದೆ: ಹಿಮ್ಮಡಿ ಇಳಿಯಲು ಜಾಗವಿಲ್ಲದೆ ನಡುಪಾದ ಇನ್‌ಸೋಲಿನ ದಿಬ್ಬಕ್ಕೆ ಒತ್ತಿಕೊಳ್ಳುತ್ತದೆ.

ಹಲಗೆ 350 ಮಿಲಿಮೀಟರ್ ಉದ್ದ. ಮುಂದಿನ ತುದಿ 60 ಎತ್ತಿದರೆ 10 ಡಿಗ್ರಿ, 90 ಎತ್ತಿದರೆ 15. ಮೇಲೆ ಹಳೇ ಸೈಕಲ್ ಟ್ಯೂಬ್ ಸೀಳಿ ಬಡಿದರೆ ಜಾರದು. ನಿಂತಾಗ ಕಾಲ್ಬೆರಳು ತುಸು ಒಳಮುಖ, ಕಮಾನಿನ ಒಳ ಅಂಚಿನಡಿ ಸುರುಳಿ ಸುತ್ತಿದ ಟವೆಲ್, ಹಿಮ್ಮಡಿ ಅಂಟಿಕೊಂಡೇ ಇರಬೇಕು. ಮಂಡಿ ನೆಟ್ಟಗಿಟ್ಟು 30 ಸೆಕೆಂಡ್, ಮೂರು ಸಲ, ಆಮೇಲೆ ಮಂಡಿ ತುಸು ಮಡಿಸಿ ಅಷ್ಟೇ ಹೊತ್ತು, ಅಷ್ಟೇ ಸಲ, ದಿನಕ್ಕೆ ಎರಡು ಹೊತ್ತು. ಎಳೆತ ಮೀನಖಂಡದಲ್ಲಿ ಗೊತ್ತಾಗಬೇಕು, ಕಮಾನಿನಲ್ಲಿ ಗೊತ್ತಾದರೆ ಟವೆಲ್ ದಪ್ಪ ಮಾಡಿ. ಹಲಸಿನ ಹಲಗೆ ಸಿಕ್ಕಿದೆ, ಒಲೆ ಮೇಲಿನ ಅಟ್ಟದಲ್ಲಿ ಒಣಗುತ್ತಿದೆ. ಈಗಿನ ಥಂಡಿಯಲ್ಲೇ ಸ್ಕ್ರೂ ಬಿಗಿದರೆ ಬೇಸಿಗೆಗೆ ಮರ ಕುಗ್ಗಿ ತೂತಿನ ಸುತ್ತ ಸೀಳುತ್ತದೆ, ಹಾಗಾಗಿ ಕೀಲು ಕೂರಿಸುವುದು ದೀಪಾವಳಿ ಕಳೆದ ಮೇಲೆ.